ಉಗ್ಗು: ಮಾತಿನ ತಡೆ ಮತ್ತು ಅದು ತರುವ ಹತಾಶೆ

ಉಗ್ಗು ಮಾತಿನ ಓಟಕ್ಕೆ ಸಂಬಂಧಿಸಿದ ತೊಂದರೆ. ಹೇಳಬೇಕಾದದ್ದು ಮನಸ್ಸಿನಲ್ಲಿ ಸ್ಪಷ್ಟವಾಗಿರುತ್ತದೆ, ಪದಗಳೂ ಗೊತ್ತಿರುತ್ತವೆ, ನಾಲಿಗೆ, ತುಟಿ, ಗಂಟಲುಗಳಲ್ಲಿ ಯಾವ ಊನವೂ ಇರುವುದಿಲ್ಲ. ಆದರೂ ಬೇಕಾದ ಕ್ಷಣಕ್ಕೆ ಮಾತು ಹೊರಡುವುದಿಲ್ಲ. ಅಕ್ಷರವೋ ಪದದ ಮೊದಲ ತುಣುಕೋ ಮರುಕಳಿಸಬಹುದು (‘ಪ-ಪ-ಪ-ಪಾಠ’), ಒಂದು ಧ್ವನಿ ಎಳೆದುಕೊಂಡು ಹೋಗಬಹುದು (‘ಸ್ಸ್ಸ್ಸಾರ್’), ಇಲ್ಲವೇ ಬಾಯಿ ಮಾತಿಗೆ ಸಿದ್ಧವಾಗಿ ನಿಂತಿದ್ದರೂ ಧ್ವನಿಯೇ ಹುಟ್ಟದೆ ಹೋಗಬಹುದು. ಈ ಕೊನೆಯದಕ್ಕೆ ತಡೆ ಎಂದು ಹೆಸರು. ಉಗ್ಗುವವರಲ್ಲಿ ಅನೇಕರಿಗೆ ಅತಿ ಕಷ್ಟವೆನಿಸುವುದು ಈ ತಡೆಯೇ. ಮಾತು ಹೊರಡಿಸುವ ಒದ್ದಾಟದಲ್ಲಿ ಕಣ್ಣು ಮಿಟುಕಿಸುವುದು, ತಲೆ ಕೊಡವುವುದು, ತೊಡೆ ತಟ್ಟುವುದು ಮುಂತಾದ ಚಲನೆಗಳೂ ಸೇರಿಕೊಳ್ಳುತ್ತವೆ. ಒಮ್ಮೆ ಕೆಲಸಕ್ಕೆ ಬಂದ ಚಲನೆ ಅಭ್ಯಾಸವಾಗಿ ಉಳಿದುಬಿಡುತ್ತದೆ.

ಸಾಮಾನ್ಯವಾಗಿ ಉಗ್ಗು 2ರಿಂದ 5 ವರ್ಷದೊಳಗೆ, ಮಗು ವಾಕ್ಯ ಕಟ್ಟಲು ಕಲಿಯುವ ಕಾಲದಲ್ಲಿ ಶುರುವಾಗುತ್ತದೆ. ಸುಮಾರು ಶೇ 5ರಷ್ಟು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ. ಅವರಲ್ಲಿ ಹೆಚ್ಚಿನವರು, ಅಂದರೆ ನಾಲ್ವರಲ್ಲಿ ಮೂವರಷ್ಟು, ಕೆಲವು ವರ್ಷಗಳಲ್ಲಿ ಅದರಿಂದ ಹೊರಬರುತ್ತಾರೆ. ವಯಸ್ಕರಲ್ಲಿ ಉಳಿಯುವ ಪ್ರಮಾಣ ಸುಮಾರು ಶೇ 1. ಚಿಕ್ಕಂದಿನಲ್ಲಿ ಹುಡುಗರು ಹುಡುಗಿಯರ ನಡುವಿನ ಅಂತರ ಕಡಿಮೆ. ಹುಡುಗಿಯರು ಹೆಚ್ಚಾಗಿ ಚೇತರಿಸಿಕೊಳ್ಳುವುದರಿಂದ ದೊಡ್ಡವರಲ್ಲಿ ಒಬ್ಬ ಹೆಂಗಸಿಗೆ ಸುಮಾರು ನಾಲ್ವರು ಗಂಡಸರು ಎಂಬ ಲೆಕ್ಕ ಬರುತ್ತದೆ. ಪಾರ್ಶ್ವವಾಯು, ತಲೆಗೆ ಪೆಟ್ಟು ಮೊದಲಾದವುಗಳಿಂದ ದೊಡ್ಡವರಾದ ಮೇಲೆ ಬರುವ ಉಗ್ಗು ಬೇರೆ. ಈ ಲೇಖನ ಬಾಲ್ಯದಲ್ಲಿ ಆರಂಭವಾಗುವ ಉಗ್ಗನ್ನು ಕುರಿತದ್ದು, ಅದರಲ್ಲೂ ಅದು ತರುವ ಹತಾಶೆಯನ್ನು ಕುರಿತದ್ದು. ಉಗ್ಗಿನ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಮಾತು ಎಷ್ಟು ಸಲ ತಡೆಯಿತು ಎಂದು ಎಣಿಸುತ್ತವೆ. ಉಗ್ಗುವವರ ಬದುಕನ್ನು ಹಿಂಡುವುದು ಮಾತ್ರ ಆ ಎಣಿಕೆಗೆ ಸಿಗದ ಭಾಗ.

ಕೇಳುವ ಉಗ್ಗು, ಕೇಳದ ಉಗ್ಗು

ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಸ್ವತಃ ಉಗ್ಗುತ್ತಿದ್ದವರು. 1970ರಲ್ಲಿ ಅವರು ಉಗ್ಗನ್ನು ನೀರ್ಗಲ್ಲಿಗೆ ಹೋಲಿಸಿದರು: ಕಿವಿಗೆ ಬೀಳುವ ತಡೆ, ಮರುಕಳಿಕೆಗಳು ನೀರಿನ ಮೇಲಿನ ಸಣ್ಣ ತುದಿ, ಭಯ, ನಾಚಿಕೆ, ತಪ್ಪಿತಸ್ಥ ಭಾವ, ಹತಾಶೆಗಳು ಕೆಳಗೆ ಮುಳುಗಿರುವ ದೊಡ್ಡ ಭಾಗ. ಮಾತಾಡಬೇಕೆಂಬ ಆಸೆ ಮತ್ತು ಮಾತಾಡಿದರೆ ಏನಾಗುತ್ತದೋ ಎಂಬ ಅಂಜಿಕೆ ಎರಡೂ ಒಟ್ಟಿಗೆ ಎಳೆದಾಡುವ ಸ್ಥಿತಿಯೇ ಉಗ್ಗಿನ ತಿರುಳು ಎಂದು ಅವರು ವಾದಿಸಿದ್ದರು. ಉಗ್ಗಿನ ಮೂಲ ಕಾರಣದ ವಿವರಣೆಯಾಗಿ ಈ ವಾದ ಇಂದು ಸಾಲದು. ಆದರೆ ಉಗ್ಗುವವನ ದಿನ ಹೇಗೆ ಕಳೆಯುತ್ತದೆ ಎಂಬುದರ ವಿವರಣೆಯಾಗಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ತರಗತಿಯಲ್ಲಿ ಹಾಜರಿ ಕರೆಯುವ ಹೊತ್ತನ್ನು ತೆಗೆದುಕೊಳ್ಳಿ. ಮೇಷ್ಟ್ರು ಹದಿನಾಲ್ಕು ಎನ್ನುವಾಗಲೇ ಹದಿನೇಳನೆಯ ನಂಬರಿನ ಹುಡುಗನ ಎದೆ ಹೊಡೆದುಕೊಳ್ಳಲು ಶುರು. ಹದಿನೈದಕ್ಕೆ ಉಸಿರು ಬಿಗಿಯಾಗುತ್ತದೆ. ಹದಿನಾರಕ್ಕೆ ‘ಪ್ರೆಸೆಂಟ್ ಸಾರ್’ ಎನ್ನುವುದರ ಮೊದಲ ಅಕ್ಷರಕ್ಕೆ ತುಟಿಗಳು ಆಗಲೇ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಹದಿನೇಳು ಎಂದಾಗ ಸದ್ದಿಲ್ಲ. ಮೇಷ್ಟ್ರು ತಲೆಯೆತ್ತದೆ ಇನ್ನೊಮ್ಮೆ ಕರೆಯುತ್ತಾರೆ, ಆಮೇಲೆ ಗೈರುಹಾಜರಿ ಹಾಕಿ ಮುಂದಕ್ಕೆ ಹೋಗುತ್ತಾರೆ. ಹುಡುಗ ಕೈಯೆತ್ತಿದರೆ ‘ಬಾಯಿಲ್ವೇನೋ ನಿಂಗೆ?’ ಎಂಬ ಮಾತು, ಹಿಂದಿನ ಬೆಂಚಿನಿಂದ ಕಿಸಕ್ ಎಂಬ ನಗು. ಅವನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎದುರಿಗೇ ಕೂತಿದ್ದವನು ತಾನು ಇದ್ದೇನೆ ಎಂದು ಹೇಳಲಾಗದೆ ಇಲ್ಲದವನಾದ. ಮರುದಿನ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾನೆ. ಮನೆಯವರು ಅದನ್ನು ಕಳ್ಳಾಟ ಎಂದುಕೊಳ್ಳುತ್ತಾರೆ.

ಇಲ್ಲಿ ಒಂದು ಚಕ್ರ ಸುತ್ತುತ್ತಿರುವುದನ್ನು ಗಮನಿಸಬೇಕು. ತಡೆಯಬಹುದು ಎಂಬ ಮುನ್ಸೂಚನೆ ಸ್ನಾಯುಗಳನ್ನು ಬಿಗಿಮಾಡುತ್ತದೆ, ಬಿಗಿತ ತಡೆಯನ್ನು ಹೆಚ್ಚಿಸುತ್ತದೆ, ತಡೆ ಅವಮಾನ ತರುತ್ತದೆ, ಅವಮಾನದ ನೆನಪು ಮುಂದಿನ ಸಲದ ಮುನ್ಸೂಚನೆಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಈ ಚಕ್ರದಿಂದ ಪಾರಾಗಲು ಸುಲಭವಾಗಿ ಕಾಣುವ ದಾರಿ ತಪ್ಪಿಸಿಕೊಳ್ಳುವುದು. ಮದ್ದೂರಿನಲ್ಲಿ ಇಳಿಯಬೇಕಾದವನು ‘ಮ’ ಹೊರಡದೆಂದು ಚನ್ನಪಟ್ಟಣಕ್ಕೆ ಟಿಕೆಟ್ ತೆಗೆದು ಮದ್ದೂರಿನಲ್ಲೇ ಇಳಿಯುತ್ತಾನೆ. ಮಸಾಲೆ ದೋಸೆ ತಿನ್ನುವ ಆಸೆಯಿದ್ದವನು ಇಡ್ಲಿ ಹೇಳುತ್ತಾನೆ. ಮೊಬೈಲು ಹೊಡೆದುಕೊಳ್ಳುತ್ತಿದ್ದರೂ ಎತ್ತದೆ ಬಿಟ್ಟು, ಆಮೇಲೆ ವಾಟ್ಸಾಪಿನಲ್ಲಿ ‘ಮೀಟಿಂಗ್‌ನಲ್ಲಿದ್ದೆ’ ಎಂದು ಬರೆಯುತ್ತಾನೆ. ಪ್ರತಿ ಸಲವೂ ಒಂದು ಕ್ಷಣದ ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯೇ ಮುಂದಿನ ಸಲವೂ ತಪ್ಪಿಸಿಕೊಳ್ಳುವಂತೆ ಕಲಿಸುತ್ತದೆ.

ಬದಲಿ ಪದ ಹುಡುಕುವುದರಲ್ಲಿ ಪಳಗಿದವರು ಹೊರಗಿನವರಿಗೆ ಉಗ್ಗುವವರೆಂದೇ ಗೊತ್ತಾಗುವುದಿಲ್ಲ. ಬಾಯಲ್ಲಿ ಒಂದು ವಾಕ್ಯ ನಡೆಯುತ್ತಿರುವಾಗ ಮುಂದಿನ ಮೂರು ಪದಗಳಲ್ಲಿ ಯಾವುದು ಕೈಕೊಡುತ್ತದೆ, ಅದರ ಬದಲಿಗೆ ಏನು ಹೇಳಬಹುದು ಎಂಬ ಲೆಕ್ಕ ಒಳಗೆ ಓಡುತ್ತಿರುತ್ತದೆ. ಸಂಜೆಯ ಹೊತ್ತಿಗೆ ಬರುವ ದಣಿವು ಮೈಮುರಿದು ದುಡಿದ ದಣಿವಿಗಿಂತ ಕಡಿಮೆಯದಲ್ಲ. ಹೀಗೆ ಬಚ್ಚಿಟ್ಟು ಬದುಕುವವರು ತಮ್ಮ ಅಭಿಪ್ರಾಯಕ್ಕೆ ಬೇಕಾದ ಪದ ಬಿಟ್ಟು, ಬಾಯಿಗೆ ಒದಗಿದ ಪದದಿಂದ ಮಾತಾಡುತ್ತಾರೆ. ಹೇಳಲು ಹೊರಟದ್ದೊಂದು, ಹೇಳಿದ್ದೊಂದು. ಇದೇ ಅವರ ಹತಾಶೆಯ ಬೇರು. ಹೆಂಗಸರಲ್ಲಿ ಈ ಬಚ್ಚಿಡುವಿಕೆಗೆ ಇನ್ನೊಂದು ಒತ್ತಡವಿದೆ: ಹೆಣ್ಣು ನೋಡಲು ಬಂದವರೆದುರು ಹುಡುಗಿ ಹೆಸರು ಹೇಳುವುದಕ್ಕೂ ತಾಯಿಯೇ ಮುಂದಾಗಿ ಉತ್ತರಿಸುವ ಮನೆಗಳಿವೆ.

ಹೆಸರಂತೂ ಬದಲಿಸಲಾಗದ ಪದ. ‘ನಿಮ್ಮ ಹೆಸರೇನು?’ ಎಂಬ ಪ್ರಶ್ನೆಗೆ ಉಗ್ಗುವ ಬಹುಪಾಲು ಜನ ಹೆದರುವುದು ಇದರಿಂದಲೇ. ಕೇಳಿದವರು ‘ಏನಪ್ಪಾ, ಹೆಸರೂ ಮರೆತೋಯ್ತಾ?’ ಎಂದು ನಗುತ್ತಾರೆ. ಕೇಡಿನ ಮನಸ್ಸಿನಿಂದ ಆಡಿದ ಮಾತಲ್ಲ, ಆದರೆ ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತದೆ.

ಉಗ್ಗಿನ ಇನ್ನೊಂದು ಗುಣ ಅದರ ಏರಿಳಿತ. ಒಬ್ಬನೇ ಇದ್ದಾಗ, ನಾಯಿಯನ್ನೋ ಕರುವನ್ನೋ ಮಾತಾಡಿಸುವಾಗ, ಹಾಡುವಾಗ, ಎಲ್ಲರೊಟ್ಟಿಗೆ ಮಗ್ಗಿ ಒಪ್ಪಿಸುವಾಗ, ನಾಟಕದ ಪಾತ್ರದಲ್ಲಿದ್ದಾಗ ಹೆಚ್ಚಿನವರು ಉಗ್ಗುವುದಿಲ್ಲ ಅಥವಾ ತೀರಾ ಕಡಿಮೆ ಉಗ್ಗುತ್ತಾರೆ. ನಿನ್ನೆ ಸರಾಗವಾಗಿ ಹೇಳಿದ ಪದ ಇವತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇದನ್ನು ನೋಡಿದ ಮನೆಯವರು ‘ಹಾಡುವಾಗ ಬರದ ಉಗ್ಗು ಓದುವಾಗ ಮಾತ್ರ ಹೇಗೆ ಬರುತ್ತೆ? ಮನಸ್ಸು ಮಾಡಿದರೆ ಆಗುತ್ತೆ’ ಎನ್ನುತ್ತಾರೆ. ಸ್ವತಃ ಉಗ್ಗುವವನೂ ಇದನ್ನೇ ನಂಬಿ ತನ್ನನ್ನು ತಾನು ಬೈದುಕೊಳ್ಳುತ್ತಾನೆ. ಸದಾ ಇರುವ ಕೊರತೆಗೆ ಮನುಷ್ಯ ಹೊಂದಿಕೊಳ್ಳಬಲ್ಲ. ಬಂದು ಹೋಗಿ ಆಟವಾಡಿಸುವ ಕೊರತೆಗೆ ಹೊಂದಿಕೊಳ್ಳುವುದು ಕಷ್ಟ.

ಕಾರಣಗಳ ಹುಡುಕಾಟ

ಉಗ್ಗಿನ ಇತಿಹಾಸದ ದೊಡ್ಡ ಭಾಗ ತಪ್ಪು ಕಾರಣಗಳ ಇತಿಹಾಸ. ಸುಶ್ರುತ ಸಂಹಿತೆಯಲ್ಲಿ ಮೂಕ, ಮಿನ್ಮಿನ, ಗದ್ಗದ ಎಂಬ ಮಾತಿನ ದೋಷಗಳನ್ನು ವಾತವ್ಯಾಧಿಗಳ ಜೊತೆಗೆ ಹೇಳಿದೆ. ಕಫದೊಡನೆ ಸೇರಿದ ವಾಯು ಶಬ್ದವಾಹಿನಿಗಳನ್ನು ಮುಚ್ಚುವುದು ಕಾರಣವೆಂದು ಅಲ್ಲಿನ ವಿವರಣೆ. ಗ್ರೀಕ್ ವಾಗ್ಮಿ ಡೆಮಾಸ್ತನೀಸ್ ಬಾಯಲ್ಲಿ ಕಲ್ಲುಹರಳು ಇಟ್ಟುಕೊಂಡು ಮಾತು ತಿದ್ದಿಕೊಂಡನೆಂಬ ಕತೆ ಪ್ಲುಟಾರ್ಕನ ಮೂಲಕ ಬಂದಿದೆ. ಅದನ್ನು ನಂಬಿ ಇಂದಿಗೂ ಮಕ್ಕಳ ಬಾಯಿಗೆ ಹರಳು ಹಾಕುವವರಿದ್ದಾರೆ, ಅದು ಗಂಟಲಿಗೆ ಇಳಿಯುವ ಅಪಾಯದ ಯೋಚನೆಯೂ ಇಲ್ಲದೆ. ತಪ್ಪನ್ನೆಲ್ಲ ನಾಲಿಗೆಯ ಮೇಲೆ ಹೊರಿಸಿದವರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಯೋಹಾನ್ ಡೀಫೆನ್‌ಬಾಖ್ ಅತಿಗೆ ಹೋದವನು. 1841ರಲ್ಲಿ ಅವನು ಉಗ್ಗುವವರ ನಾಲಿಗೆಯ ಬುಡದಿಂದ ತುಂಡು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ನಡೆಸಿದ, ಅದೂ ಅರಿವಳಿಕೆ ಬಳಕೆಗೆ ಬರುವ ಮೊದಲು. ನಮ್ಮಲ್ಲಿ ಬಜೆ ಬೇರು ತೇಯ್ದು ನಾಲಿಗೆಗೆ ಸವರುವುದು, ನಾಲಿಗೆಯಡಿಯ ಎಳೆ ಕೊಯ್ಸುವುದು ರೂಢಿ. ನಾಲಿಗೆಗೂ ಉಗ್ಗಿಗೂ ಸಂಬಂಧವಿಲ್ಲವಾದ್ದರಿಂದ ಇವುಗಳಿಂದ ಉಗ್ಗು ಹೋಗುವುದಿಲ್ಲ. ಉಗ್ಗುವವರನ್ನು ಅಣಕಿಸಿದರೆ ತಮಗೂ ಬರುತ್ತದೆಂಬ ನಂಬಿಕೆ, ಮಗುವನ್ನು ಹೆದರಿಸಿದ್ದರಿಂದ ಬಂತೆಂಬ ನಂಬಿಕೆ ಕೂಡ ಹೀಗೆಯೇ. ಎರಡು ಭಾಷೆ ಕಲಿಸಿದ್ದರಿಂದ, ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದರಿಂದ ಉಗ್ಗು ಹುಟ್ಟಿತು ಎನ್ನುವುದಕ್ಕೂ ಆಧಾರವಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅತಿ ಹೆಚ್ಚು ಹರಡಿದ ವಿವರಣೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಅವರದು. ಚಿಕ್ಕ ಮಕ್ಕಳೆಲ್ಲರೂ ಮಾತಿನಲ್ಲಿ ಎಡವುತ್ತಾರೆ, ಅದನ್ನು ಹೆತ್ತವರು ಉಗ್ಗು ಎಂದು ಕರೆದು ಗಾಬರಿಯಾಗುವುದರಿಂದಲೇ ನಿಜವಾದ ಉಗ್ಗು ಹುಟ್ಟುತ್ತದೆ ಎಂಬುದು ಅವರ ವಾದ. ಜಾನ್ಸನ್ ಕೂಡ ಉಗ್ಗುತ್ತಿದ್ದವರೇ. ಈ ಆಲೋಚನೆಯನ್ನು ಪರೀಕ್ಷಿಸಲು 1939ರಲ್ಲಿ ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಅಯೋವಾದ ಡೇವನ್‌ಪೋರ್ಟ್ ಊರಿನ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ನೀವು ಉಗ್ಗಲು ಶುರುಮಾಡಿದ್ದೀರಿ, ಸರಿಯಾಗಿ ಹೇಳಲು ಬರದಿದ್ದರೆ ಬಾಯಿ ತೆರೆಯಬೇಡಿ ಎಂಬರ್ಥದ ಮಾತುಗಳನ್ನು ಮತ್ತೆ ಮತ್ತೆ ಹೇಳಲಾಯಿತು. ಪ್ರಯೋಗದ ಫಲಿತಾಂಶ ಪ್ರಕಟವಾಗಲಿಲ್ಲ. 2001ರಲ್ಲಿ ಒಂದು ಪತ್ರಿಕೆ ಇದನ್ನು ಬಯಲಿಗೆ ತಂದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9 ಲಕ್ಷ 25 ಸಾವಿರ ಡಾಲರ್ ಪರಿಹಾರಕ್ಕೆ ಒಪ್ಪಿತು.

ಹತಾಶೆಯನ್ನು ಅರಿಯಲು ಈ ಕ್ರೂರ ಪ್ರಯೋಗ ಬಹಳ ಮುಖ್ಯ. ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ತಜ್ಞರಿಗೆ ಆ ಮಕ್ಕಳು ಉಗ್ಗುವವರಾದರು ಎನ್ನಲು ಆಧಾರ ಸಿಗಲಿಲ್ಲ. ಆದರೆ ಮಕ್ಕಳು ಮಾತು ಕಡಿಮೆಮಾಡಿದರು, ತರಗತಿಯಲ್ಲಿ ಬಾಯಿ ಬಿಡಲು ಹಿಂಜರಿದರು, ತಮ್ಮ ಮಾತಿನ ಬಗ್ಗೆಯೇ ನಾಚಿಕೊಂಡರು. ಅಂದರೆ ಬಯ್ಗುಳ ಮತ್ತು ತಿದ್ದುಪಡಿಗಳು ಉಗ್ಗನ್ನು ಹುಟ್ಟಿಸಲಾರವು, ನಾಚಿಕೆಯನ್ನು ಮಾತ್ರ ಯಾರಲ್ಲಿ ಬೇಕಾದರೂ ಹುಟ್ಟಿಸಬಲ್ಲವು. ಉಗ್ಗು ಬೇರೆ, ಉಗ್ಗಿನ ನೋವು ಬೇರೆ ಎನ್ನುವುದಕ್ಕೆ ಇದಕ್ಕಿಂತ ದುಃಖದ ಸಾಕ್ಷ್ಯ ಬೇಕಿಲ್ಲ. ಜಾನ್ಸನ್ನರ ವಾದದಿಂದ ಇನ್ನೊಂದು ಹಾನಿಯೂ ಆಯಿತು. ‘ಗಮನಿಸಬೇಡಿ, ಅದರ ಮಾತೇ ಎತ್ತಬೇಡಿ’ ಎಂಬ ಸಲಹೆ ದಶಕಗಳ ಕಾಲ ಹೆತ್ತವರಿಗೆ ಸಿಕ್ಕಿತು. ತಾಯಂದಿರು ತಮ್ಮಿಂದಲೇ ಹೀಗಾಯಿತೆಂದು ಕೊರಗಿದರು. ಮಗುವಿಗೆ ಮಾತ್ರ, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಡದ ಈ ಸಂಗತಿ ಭಯಂಕರವಾದದ್ದೇ ಇರಬೇಕು ಎನಿಸತೊಡಗಿತು.

ಈಗಿನ ತಿಳಿವಳಿಕೆಯಂತೆ ಉಗ್ಗು ಮಿದುಳಿನ ಬೆಳವಣಿಗೆಗೆ ಸೇರಿದ ವಿಷಯ. ಮಾತನ್ನು ಯೋಜಿಸುವ ಮತ್ತು ಸ್ನಾಯುಗಳನ್ನು ನಡೆಸುವ ಭಾಗಗಳ ನಡುವಿನ ನರತಂತುಗಳಲ್ಲಿ, ವಿಶೇಷವಾಗಿ ಎಡ ಮಿದುಳಿನಲ್ಲಿ, ಸೂಕ್ಷ್ಮ ವ್ಯತ್ಯಾಸಗಳಿರುವುದನ್ನು ಜರ್ಮನಿಯ ಸಂಶೋಧಕರು 2002ರಲ್ಲಿ ವರದಿ ಮಾಡಿದರು. ಚಲನೆಗಳಿಗೆ ಸಮಯ ಹೊಂದಿಸುವ ಒಳಮಿದುಳಿನ ಗಂಟುಗಳ ಪಾತ್ರವನ್ನೂ ಅನೇಕ ಅಧ್ಯಯನಗಳು ತೋರಿಸಿವೆ. ತಾಳ, ಸಾಮೂಹಿಕ ಪಠಣಗಳು ಹೊರಗಿನಿಂದ ಸಮಯ ಕೊಡುವುದರಿಂದ ಆಗ ಉಗ್ಗು ಮಾಯವಾಗುತ್ತದೆ ಎಂಬ ವಿವರಣೆ ಇದಕ್ಕೆ ಹೊಂದುತ್ತದೆ. ಉಗ್ಗು ಕುಟುಂಬಗಳಲ್ಲಿ ಹರಿದುಬರುತ್ತದೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಡೆನಿಸ್ ಡ್ರೇನಾ ಅವರ ತಂಡ ಪಾಕಿಸ್ತಾನದ ದೊಡ್ಡ ಕುಟುಂಬವೊಂದರಿಂದ ಆರಂಭಿಸಿದ ಅಧ್ಯಯನದಲ್ಲಿ ಉಗ್ಗಿಗೆ ಸಂಬಂಧಿಸಿದ ವಂಶವಾಹಿಗಳನ್ನು ಮೊದಲ ಬಾರಿಗೆ ಗುರುತಿಸಿತು. ಇಂಥ ಸಂಶೋಧನೆಗಳಿಂದ ಔಷಧ ಇನ್ನೂ ಬಂದಿಲ್ಲ. ಆದರೆ ಉಗ್ಗು ಬಂದದ್ದು ಉಗ್ಗುವವನ ತಪ್ಪಲ್ಲ, ಹೆತ್ತವರ ತಪ್ಪೂ ಅಲ್ಲ ಎಂಬುದು ಖಚಿತವಾಗಿದೆ. ಅದನ್ನು ತಿಳಿದ ದಿನವೇ ಅನೇಕರ ಹೆಗಲಿನಿಂದ ಅರ್ಧ ಭಾರ ಇಳಿಯುತ್ತದೆ.

ಮಕ್ಕಳು

ಮೂರು ನಾಲ್ಕು ವರ್ಷದ ಮಕ್ಕಳಿಗೂ ತಮ್ಮ ಮಾತು ಸಿಕ್ಕಿಕೊಳ್ಳುವುದು ಗೊತ್ತಾಗುತ್ತದೆ. ಕೆಲವರು ಬಾಯಿಗೆ ಕೈ ಅಡ್ಡ ಇಡುತ್ತಾರೆ, ಕೆಲವರು ‘ನಂಗೆ ಹೇಳಕ್ಕೆ ಬರ್ತಿಲ್ಲ’ ಎಂದು ಅತ್ತೇಬಿಡುತ್ತಾರೆ. ಅಂಥ ಹೊತ್ತಿನಲ್ಲಿ ಏನೂ ಆಗದವರಂತೆ ನಟಿಸುವುದಕ್ಕಿಂತ ‘ಆ ಮಾತು ಸ್ವಲ್ಪ ಸಿಕ್ಕಾಕ್ಕೊಂಡಿತು ಅಲ್ವಾ? ಪರವಾಗಿಲ್ಲ ಪುಟ್ಟಾ, ಹೇಳು, ನಾನು ಕೇಳ್ತಿದ್ದೀನಿ’ ಎನ್ನುವುದು ಮೇಲು. ‘ನಿಧಾನವಾಗಿ ಹೇಳು’, ‘ಉಸಿರು ಎಳ್ಕೊಂಡು ಹೇಳು’, ‘ಮೊದಲಿಂದ ಹೇಳು’ ಎಂಬ ಸಲಹೆಗಳು ಪ್ರೀತಿಯಿಂದ ಬಂದರೂ, ಮಗುವಿನ ಕಿವಿಗೆ ನೀನು ತಪ್ಪು ಮಾಡುತ್ತಿದ್ದೀಯ ಎಂದೇ ಕೇಳಿಸುತ್ತವೆ. ಹೇಳಿಕೊಡುವುದಕ್ಕಿಂತ ದೊಡ್ಡವರು ತಾವೇ ನಿಧಾನವಾಗಿ ಮಾತಾಡುವುದು, ಒಂದರ ಹಿಂದೊಂದು ಪ್ರಶ್ನೆ ಹಾಕದಿರುವುದು, ಮನೆಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕದಿರುವುದು ಕೆಲಸಕ್ಕೆ ಬರುತ್ತದೆ. ಅಜ್ಜಿ, ಚಿಕ್ಕಪ್ಪ, ಅತ್ತೆ ಎಲ್ಲರೂ ಸೇರಿರುವ ಮನೆಯಲ್ಲಿ ಇದು ಸುಲಭವಲ್ಲ. ದಿನಕ್ಕೆ ಹತ್ತು ನಿಮಿಷ ತಾಯಿಯೋ ತಂದೆಯೋ ಮಗುವಿನ ಜೊತೆ ಒಬ್ಬರೇ ಕೂತರೂ ಸಾಕಷ್ಟು ಉಪಯೋಗವಿದೆ. ನೆಂಟರೆದುರು ‘ಎಲ್ಲಿ, ಮಾಮನಿಗೆ ಒಂದು ಪದ್ಯ ಹೇಳು’ ಎಂದು ನಿಲ್ಲಿಸುವುದನ್ನು ಬಿಡಬೇಕು.

ಕಾದು ನೋಡುವುದೋ, ಚಿಕಿತ್ಸೆಗೆ ಹೋಗುವುದೋ ಎಂಬ ಪ್ರಶ್ನೆ ಎಲ್ಲ ತಂದೆತಾಯಿಗಳದ್ದು. ಹೆಚ್ಚಿನ ಮಕ್ಕಳು ತಾವಾಗಿ ಚೇತರಿಸಿಕೊಳ್ಳುವುದು ನಿಜ. ಆದರೆ ಯಾವ ಮಗು ಚೇತರಿಸಿಕೊಳ್ಳುತ್ತದೆಂದು ಮೊದಲೇ ಹೇಳಲಾಗುವುದಿಲ್ಲ. ಮನೆತನದಲ್ಲಿ ದೊಡ್ಡವರಾದ ಮೇಲೂ ಉಗ್ಗುವವರಿದ್ದರೆ, ಉಗ್ಗು ಶುರುವಾಗಿ ಆರು ತಿಂಗಳಿಂದ ವರ್ಷ ಕಳೆದಿದ್ದರೆ, ಮಗು ಮಾತಿನಿಂದ ಹಿಂದೆ ಸರಿಯುತ್ತಿದ್ದರೆ ತಡಮಾಡಬಾರದು. ಶಾಲೆಗೆ ಹೋಗುವ ಮೊದಲಿನ ಮಕ್ಕಳಿಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮಾರ್ಕ್ ಆನ್ಸ್‌ಲೋ ಮತ್ತು ಸಂಗಡಿಗರು ರೂಪಿಸಿದ ಲಿಡ್‌ಕಂಬ್ ಕ್ರಮ ಹೆಸರಾಗಿದೆ. ಇದರಲ್ಲಿ ಚಿಕಿತ್ಸೆ ಕೊಡುವವರು ಹೆತ್ತವರೇ: ವಾಕ್ ಚಿಕಿತ್ಸಕರಿಂದ ಕಲಿತು, ಮಗು ಸರಾಗವಾಗಿ ಮಾತಾಡಿದಾಗ ಮೆಚ್ಚುತ್ತಾರೆ, ಉಗ್ಗಿದಾಗ ಅಪರೂಪಕ್ಕೊಮ್ಮೆ ಮೆತ್ತಗೆ ಸೂಚಿಸುತ್ತಾರೆ. 2005ರಲ್ಲಿ ಪ್ರಕಟವಾದ ಪ್ರಯೋಗ ಇದು ಫಲ ಕೊಡುತ್ತದೆಂದು ತೋರಿಸಿತು. 2015ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ಇದನ್ನು, ಮಗುವಿನ ಮೇಲಿನ ಮಾತಿನ ಒತ್ತಡ ತಗ್ಗಿಸುವ ಇನ್ನೊಂದು ಕ್ರಮದೊಡನೆ ಹೋಲಿಸಿದಾಗ ಹದಿನೆಂಟು ತಿಂಗಳ ನಂತರ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. ಯಾವ ಪದ್ಧತಿ ಎಂಬುದಕ್ಕಿಂತ ಬೇಗ ಶುರುಮಾಡುವುದು, ಮನೆಯವರು ತೊಡಗಿಕೊಳ್ಳುವುದು ಮುಖ್ಯವೆಂದು ಇದರಿಂದ ಅನಿಸುತ್ತದೆ.

ಶಾಲೆಗೆ ಸೇರಿದ ಮೇಲೆ ಹತಾಶೆಯ ರೂಪ ಬದಲಾಗುತ್ತದೆ. ದಿನವಿಡೀ ತರಗತಿಯಲ್ಲಿ ತುಟಿ ಕಚ್ಚಿಕೊಂಡಿದ್ದ ಮಗು ಮನೆಗೆ ಬಂದು ಕ್ಷುಲ್ಲಕ ಕಾರಣಕ್ಕೆ ತಟ್ಟೆ ಎಸೆಯುತ್ತದೆ, ತಂಗಿಯನ್ನು ಹೊಡೆಯುತ್ತದೆ. ಇದನ್ನು ಹಟ ಎಂದು ಶಿಕ್ಷಿಸುವ ಮೊದಲು ಶಾಲೆಯಲ್ಲಿ ಏನಾಯಿತೆಂದು ಕೇಳಬೇಕು. ಶಿಕ್ಷಕರು ಮಾಡಬಹುದಾದ ಕೆಲಸಗಳು ಚಿಕ್ಕವು: ಹಾಜರಿಗೆ ಎಲ್ಲ ಮಕ್ಕಳೂ ಕೈಯೆತ್ತಿದರೆ ಸಾಕೆನ್ನುವುದು, ಗಟ್ಟಿಯಾಗಿ ಓದಿಸುವಾಗ ಇಬ್ಬಿಬ್ಬರನ್ನು ಒಟ್ಟಿಗೆ ಓದಿಸುವುದು, ಸಾಲಾಗಿ ಸರದಿ ಬರುವ ತನಕ ಕಾಯಿಸುವ ಬದಲು ಉಗ್ಗುವ ಮಗುವನ್ನು ಬೇಗ ಕೇಳಿ ಮುಗಿಸುವುದು (ಕಾಯುವುದೇ ಅತಿ ಹಿಂಸೆ), ಬಾಯಿಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದು. ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಡುವುದು ಮಾತ್ರ ದಯೆಯಲ್ಲ. ಅದು ಮಗುವನ್ನು ತರಗತಿಯಿಂದ ಹೊರಗಿಟ್ಟಂತೆ. ಏನು ಮಾಡಿದರೆ ಅನುಕೂಲವೆಂದು ಆ ಮಗುವನ್ನೇ ಪಕ್ಕಕ್ಕೆ ಕರೆದು ಕೇಳುವ ಶಿಕ್ಷಕರನ್ನು ಮಕ್ಕಳು ಜೀವನಪೂರ್ತಿ ನೆನೆಯುತ್ತಾರೆ.

ದೊಡ್ಡವರ ದಾರಿಗಳು

ವಯಸ್ಕರಲ್ಲಿ ಉಳಿದ ಉಗ್ಗು ಪೂರ್ತಿ ಹೋಗುವುದು ಅಪರೂಪ. ಈ ಮಾತನ್ನು ಮುಚ್ಚಿಡುವುದರಿಂದ ಆಗಿರುವ ಕೇಡು ದೊಡ್ಡದು. ‘ಹತ್ತೇ ದಿನದಲ್ಲಿ ಉಗ್ಗು ಮಾಯ’ ಎಂಬ ಜಾಹೀರಾತುಗಳನ್ನು ನಂಬಿ ದುಡ್ಡು ಕಳೆದುಕೊಂಡವರು ಉಗ್ಗು ಮರಳಿ ಬಂದಾಗ ಸೋತದ್ದು ತಾವೇ ಎಂದುಕೊಳ್ಳುತ್ತಾರೆ. ತರಬೇತಿಯ ಕೋಣೆಯೊಳಗೆ ಬಹುತೇಕ ಎಲ್ಲರೂ ಸರಾಗವಾಗಿ ಮಾತಾಡಬಲ್ಲರು. ಕಷ್ಟವಿರುವುದು ಅದನ್ನು ಬಸ್‌ಸ್ಟ್ಯಾಂಡಿಗೆ, ಬ್ಯಾಂಕಿನ ಕೌಂಟರಿಗೆ, ಸಂದರ್ಶನಕ್ಕೆ ಒಯ್ಯುವುದರಲ್ಲಿ. ಉಗ್ಗಿಗೆಂದೇ ಅಂಗೀಕಾರ ಪಡೆದ ಔಷಧ ಅಮೆರಿಕದಲ್ಲೂ ಇಲ್ಲ. ತಮ್ಮ ಧ್ವನಿಯನ್ನೇ ಸ್ವಲ್ಪ ತಡವಾಗಿ ಕಿವಿಗೆ ಕೇಳಿಸುವ ಸಾಧನಗಳು ಕೆಲವರಿಗೆ ನೆರವಾಗುತ್ತವೆ, ಕೆಲವರಿಗೆ ಇಲ್ಲ, ಕೆಲವರಲ್ಲಿ ಪರಿಣಾಮ ದಿನ ಕಳೆದಂತೆ ಇಳಿಯುತ್ತದೆ.

ಚಿಕಿತ್ಸೆಯಲ್ಲಿ ಎರಡು ಧಾರೆಗಳಿವೆ. ಮೊದಲನೆಯದು ಮಾತಾಡುವ ಕ್ರಮವನ್ನೇ ಹೊಸದಾಗಿ ಕಲಿಸುತ್ತದೆ: ಮೆಲ್ಲಗೆ ಧ್ವನಿ ಆರಂಭಿಸುವುದು, ಸ್ವರಗಳನ್ನು ತುಸು ಎಳೆಯುವುದು, ತುಟಿ ನಾಲಿಗೆಗಳನ್ನು ಹಗುರವಾಗಿ ತಾಗಿಸುವುದು. ಎರಡನೆಯದು ಉಗ್ಗದೆ ಇರುವುದನ್ನಲ್ಲ, ಒದ್ದಾಡದೆ ಉಗ್ಗುವುದನ್ನು ಕಲಿಸುತ್ತದೆ. ಇದರ ಪ್ರವರ್ತಕ ಮಿಷಿಗನ್ನಿನ ಚಾರ್ಲ್ಸ್ ವ್ಯಾನ್ ರೈಪರ್ (1905–1994). ಯೌವನದಲ್ಲಿ ತೀವ್ರವಾಗಿ ಉಗ್ಗುತ್ತಿದ್ದ ಅವರು ಮಾತಿನಿಂದ ಪಾರಾಗಲು ಕಿವುಡ ಮೂಕನಂತೆ ನಟಿಸಿ ಹೊಲದ ಕೆಲಸಕ್ಕೆ ನಿಂತಿದ್ದುಂಟು. ಮುಂದೊಮ್ಮೆ ದಾರಿಯಲ್ಲಿ ಸಿಕ್ಕ ಮುದುಕನೊಬ್ಬ ಉಗ್ಗುತ್ತಲೇ ನಿರಾಳವಾಗಿ ಮಾತಾಡಿದ್ದನ್ನು, ಹೋರಾಡುವ ಶಕ್ತಿ ಮುಗಿದ ಮೇಲೆ ಹೋರಾಟ ಬಿಟ್ಟೆನೆಂದು ಅವನು ಹೇಳಿದ್ದನ್ನು ವ್ಯಾನ್ ರೈಪರ್ ತಮ್ಮ ಬದುಕಿನ ತಿರುವೆಂದು ಬರೆದುಕೊಂಡಿದ್ದಾರೆ. ತಡೆಯನ್ನು ಗುರುತಿಸುವುದು, ಅದಕ್ಕೆ ಅಂಜದಂತೆ ಮನಸ್ಸನ್ನು ಪಳಗಿಸುವುದು, ತಡೆಯ ನಡುವೆಯೇ ಬಿಗಿತ ಸಡಿಲಿಸಿ ಪದದಿಂದ ಹೊರಬರುವುದು, ಆ ಅಭ್ಯಾಸವನ್ನು ಗಟ್ಟಿಮಾಡಿಕೊಳ್ಳುವುದು ಎಂಬ ನಾಲ್ಕು ಹಂತ ಅವರ ಕ್ರಮದಲ್ಲಿವೆ. ಬೇಕೆಂದೇ ಉಗ್ಗುವುದು ಇದರ ಒಂದು ಸಾಧನ. ಅಂಗಡಿಗೆ ಹೋಗಿ ಸಕ್ಕರೆ ಎಷ್ಟೆಂದು ಕೇಳುವಾಗ ‘ಸ-ಸ-ಸಕ್ಕರೆ’ ಎಂದು ತಾನಾಗಿ ಹೇಳಿ, ಎದುರಿನವರ ಕಣ್ಣನ್ನು ನೋಡುತ್ತಾ ನಿಲ್ಲಬೇಕು. ಅಂಗಡಿಯವನು ಬೆಲೆ ಹೇಳುತ್ತಾನೆ, ಅಷ್ಟೇ. ಎಣಿಸಿದ್ದ ಅನಾಹುತ ನಡೆಯಲಿಲ್ಲವೆಂದು ಬುದ್ಧಿಗಿಂತ ಮೊದಲು ಮೈ ಕಲಿಯುತ್ತದೆ.

ಚಿಕಿತ್ಸೆಗೆ ಬರುವ ವಯಸ್ಕರಲ್ಲಿ ಸಾಮಾಜಿಕ ಆತಂಕದ ಪ್ರಮಾಣ ಜನಸಾಮಾನ್ಯರಿಗಿಂತ ಬಹಳ ಹೆಚ್ಚು. 2008ರಲ್ಲಿ ಆಸ್ಟ್ರೇಲಿಯಾದ ರಾಸ್ ಮೆಂಜೀಸ್ ಮತ್ತು ಸಂಗಡಿಗರು ಒಂದು ಗುಂಪಿಗೆ ಮಾತಿನ ತರಬೇತಿ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಆಲೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಮನೋಚಿಕಿತ್ಸೆ ಕೊಟ್ಟು ನೋಡಿದರು. ಉಗ್ಗಿನ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಬರಲಿಲ್ಲ. ಆದರೆ ಮನೋಚಿಕಿತ್ಸೆ ಪಡೆದವರ ಆತಂಕ ಇಳಿದಿತ್ತು, ತಪ್ಪಿಸಿಕೊಳ್ಳುವುದು ಕಡಿಮೆಯಾಗಿತ್ತು. ಮಾತು ಅಷ್ಟೇ ಇದ್ದೂ ಬದುಕು ಹಗುರವಾಗಬಲ್ಲದು ಎಂದಾಯಿತು. ನನ್ನ ಎಣಿಕೆಯಲ್ಲಿ ಉಗ್ಗಿನ ಚಿಕಿತ್ಸೆಯ ಅಧ್ಯಯನಗಳಲ್ಲಿ ಇದು ಹೆಚ್ಚು ಜನರಿಗೆ ತಲುಪಬೇಕಾದ ಸಂಗತಿ. ‘ಎಲ್ಲರೂ ನನ್ನನ್ನು ದಡ್ಡ ಎಂದುಕೊಳ್ಳುತ್ತಾರೆ’ ಎಂಬ ಯೋಚನೆಯನ್ನು ಕಾಗದದ ಮೇಲೆ ಬರೆದು ಅದಕ್ಕೆ ಸಾಕ್ಷ್ಯವೇನೆಂದು ಕೇಳಿಕೊಳ್ಳುವುದು, ಅಂಜಿಕೆಯ ಸಂದರ್ಭಗಳನ್ನು ಸುಲಭದಿಂದ ಕಷ್ಟದ ಕಡೆಗೆ ಪಟ್ಟಿಮಾಡಿ ಒಂದೊಂದನ್ನೇ ಎದುರಿಸುವುದು, ರಾತ್ರಿ ಮಲಗಿದಾಗ ಹಗಲಿನ ತಡೆಯನ್ನೇ ಮೆಲುಕು ಹಾಕುವ ಚಾಳಿಯನ್ನು ಗುರುತಿಸಿ ನಿಲ್ಲಿಸುವುದು ಈ ಮನೋಚಿಕಿತ್ಸೆಯ ಕೆಲವು ಕ್ರಮಗಳು.

ಮೊದಲೇ ಹೇಳಿಬಿಡುವುದು ಇನ್ನೊಂದು ಉಪಾಯ. ‘ನನಗೆ ಉಗ್ಗು ಇದೆ, ಮಾತಿಗೆ ಸ್ವಲ್ಪ ಸಮಯ ತಗೋತೀನಿ, ಕೇಳಿ’ ಎಂದು ಸಂದರ್ಶನದ ಆರಂಭದಲ್ಲೇ ಹೇಳಿದರೆ ಬಚ್ಚಿಡುವ ಕೆಲಸ ತಪ್ಪುತ್ತದೆ, ಕೇಳುವವರ ಗೊಂದಲವೂ ತಪ್ಪುತ್ತದೆ. ಕ್ಷಮೆ ಕೇಳುವ ಧಾಟಿಯಲ್ಲಿ ಹೇಳುವುದಕ್ಕಿಂತ ಸಹಜ ಧಾಟಿಯಲ್ಲಿ ಹೇಳಿದಾಗ ಕೇಳುವವರು ಹೆಚ್ಚು ಅನುಕೂಲವಾಗಿ ಸ್ಪಂದಿಸುತ್ತಾರೆಂದು ಅಧ್ಯಯನಗಳು ತೋರಿಸಿವೆ.

ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಅವರ ಕತೆ 2010ರ ‘ದಿ ಕಿಂಗ್ಸ್ ಸ್ಪೀಚ್’ ಚಿತ್ರದಿಂದ ಲೋಕಕ್ಕೆಲ್ಲ ಗೊತ್ತು. ರಾಜಕುಮಾರನಾಗಿದ್ದಾಗ 1925ರಲ್ಲಿ ವೆಂಬ್ಲಿಯಲ್ಲಿ ಮಾಡಿದ ಭಾಷಣ ಅವರಿಗೂ ಕೇಳುಗರಿಗೂ ಸಂಕಟವಾಗಿತ್ತು. 1926ರ ಅಕ್ಟೋಬರಿನಿಂದ ಆಸ್ಟ್ರೇಲಿಯಾದ ಲಯನಲ್ ಲೋಗ್ ಅವರಲ್ಲಿ ಅಭ್ಯಾಸ ಶುರುಮಾಡಿದರು. ವೈದ್ಯ ಪದವಿಯಿಲ್ಲದ ಲೋಗ್, ಉಸಿರಾಟದ ಅಭ್ಯಾಸಗಳ ಜೊತೆಗೆ ಆತ್ಮೀಯ ಕೇಳುಗನನ್ನೂ ಅವರಿಗೆ ಕೊಟ್ಟರು. ಯುದ್ಧಕಾಲದ ಪ್ರಸಾರಗಳಲ್ಲಿ ದೊರೆಯ ಮಾತು ನಿಂತು ನಿಂತು ಬರುವುದು ಈಗಲೂ ಧ್ವನಿಮುದ್ರಣಗಳಲ್ಲಿ ಕೇಳಿಸುತ್ತದೆ. ಉಗ್ಗು ಹೋಗಿರಲಿಲ್ಲ, ಮಾತು ನಿಂತಿರಲಿಲ್ಲ. ಚಿತ್ರಕಥೆ ಬರೆದ ಡೇವಿಡ್ ಸೈಡ್ಲರ್ ಬಾಲ್ಯದಲ್ಲಿ ಉಗ್ಗುತ್ತಿದ್ದವರು. ಈ ಕತೆ ತಮ್ಮ ಜೀವಿತಕಾಲದಲ್ಲಿ ಹೊರಬರುವುದು ಬೇಡವೆಂದು ದೊರೆಯ ಪತ್ನಿ ಕೋರಿದ್ದರಿಂದ, ಆಕೆ 2002ರಲ್ಲಿ ತೀರಿಕೊಳ್ಳುವ ತನಕ ಸೈಡ್ಲರ್ ಕಾದರು. ನಮ್ಮ ಸಿನಿಮಾಗಳಲ್ಲಿ ಉಗ್ಗುವವನು ಬಹುಕಾಲ ನಗೆಪಾತ್ರವಾಗಿಯೇ ಬಂದ. ಶಾಲಾ ಅಂಗಳದ ಅಣಕಕ್ಕೆ ಅಂಥ ದೃಶ್ಯಗಳು ಒದಗಿಸಿದ ಸರಕು ಕಡಿಮೆಯಲ್ಲ. ನಟ ಹೃತಿಕ್ ರೋ‌ಷನ್ ಬಾಲ್ಯದಿಂದ ಉಗ್ಗಿದೆಯೆಂದು ಬಹಿರಂಗವಾಗಿ ಹೇಳಿಕೊಂಡದ್ದು ಭಾರತದ ಅನೇಕ ಹುಡುಗರಿಗೆ ಧೈರ್ಯ ಕೊಟ್ಟಿದೆ.

ಒಬ್ಬರಿಗೊಬ್ಬರು

ಉಗ್ಗುವ ಅನೇಕರು ತಮ್ಮಂತೆ ಮಾತಾಡುವ ಇನ್ನೊಬ್ಬರನ್ನು ಹರೆಯ ದಾಟುವ ತನಕ ನೋಡಿರುವುದಿಲ್ಲ. ಸ್ವಸಹಾಯ ಗುಂಪುಗಳ ಮೊದಲ ಉಪಕಾರ ಈ ಒಂಟಿತನ ಕಳೆಯುವುದು. ಅಮೆರಿಕ, ಬ್ರಿಟನ್‌ಗಳಲ್ಲಿ 1970ರ ದಶಕದಲ್ಲೇ ಇಂಥ ಸಂಘಗಳು ಹುಟ್ಟಿದವು. ಭಾರತದಲ್ಲಿ ಡೆಹ್ರಾಡೂನಿನಲ್ಲಿ ಆರಂಭವಾದ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್‌ನ ಗುಂಪುಗಳು ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಸೇರುತ್ತವೆ, ಆನ್‌ಲೈನ್ ಸಭೆಗಳನ್ನೂ ನಡೆಸುತ್ತವೆ. ಅಲ್ಲಿ ಯಾರ ವಾಕ್ಯವನ್ನೂ ಯಾರೂ ಮುಗಿಸಿಕೊಡುವುದಿಲ್ಲ. ಒಂದು ಹೆಸರು ಹೊರಬರಲು ಅರ್ಧ ನಿಮಿಷ ಬೇಕಾದರೆ ಅರ್ಧ ನಿಮಿಷ ಕಾಯುತ್ತಾರೆ. 1998ರಿಂದ ಅಕ್ಟೋಬರ್ 22 ಅಂತರರಾಷ್ಟ್ರೀಯ ಉಗ್ಗು ಜಾಗೃತಿ ದಿನ.

ಹೊರಗಿನ ಕೇಳುಗರೂ ಇಷ್ಟು ಮಾಡಿದರೆ ಹತಾಶೆಯ ದೊಡ್ಡ ಪಾಲು ಕರಗುತ್ತದೆ. ಮುಖ ತಿರುಗಿಸದೆ, ಗಡಿಯಾರ ನೋಡದೆ, ಪದ ಎತ್ತಿಕೊಡದೆ, ಹೇಗೆ ಹೇಳಿದರು ಎನ್ನುವುದನ್ನು ಬಿಟ್ಟು ಏನು ಹೇಳಿದರು ಎನ್ನುವುದಕ್ಕೆ ಉತ್ತರಿಸಬೇಕು. ಫೋನಿನಲ್ಲಿ ‘ಹಲೋ’ ಎಂದಮೇಲೆ ಸದ್ದಿಲ್ಲವೆಂದು ತಟ್ಟನೆ ಇಡಬಾರದು.

ಕರ್ನಾಟಕದಲ್ಲಿ ನೆರವು

ವಾಕ್ ಮತ್ತು ಶ್ರವಣದ ಓದಿಗೆ, ಚಿಕಿತ್ಸೆಗೆ ದೇಶದ ಮುಖ್ಯ ಕೇಂದ್ರ ಮೈಸೂರಿನಲ್ಲಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾಯಿತು. ಕನ್ನಡದ ನಾಟಕಕಾರ ನ. ರತ್ನ ಅದರ ನಿರ್ದೇಶಕರಾಗಿದ್ದರು. ಇಲ್ಲಿ ಕನ್ನಡದಲ್ಲೇ ಪರೀಕ್ಷೆ ಮತ್ತು ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಾಕ್ ಚಿಕಿತ್ಸಾ ವಿಭಾಗವಿದೆ. ಮಂಗಳೂರು, ಮಣಿಪಾಲ, ಧಾರವಾಡಗಳಲ್ಲೂ ವಾಕ್ ಶ್ರವಣ ಕಾಲೇಜುಗಳ ಚಿಕಿತ್ಸಾಲಯಗಳಿವೆ. ವಾಕ್ ಚಿಕಿತ್ಸಕರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿಯಾದವರೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಾನೂನಿನ ನೆರವು ಮಾತ್ರ ತೆಳುವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯ ಸೇರಿದೆ. ಅದರ ವಿವರಣೆ ಧ್ವನಿಪೆಟ್ಟಿಗೆ ತೆಗೆದವರು, ಮಿದುಳಿನ ಪೆಟ್ಟಿನಿಂದ ಭಾಷೆ ಕಳೆದುಕೊಂಡವರು ಮುಂತಾದ ಕಾಯಂ ವೈಕಲ್ಯಗಳನ್ನು ಹೆಸರಿಸುತ್ತದೆ, ಉಗ್ಗನ್ನು ಹೆಸರಿಸುವುದಿಲ್ಲ. ಬಾಯಿಪರೀಕ್ಷೆ ಮತ್ತು ಸಂದರ್ಶನಗಳಲ್ಲಿ ಹೆಚ್ಚುವರಿ ಸಮಯ ಕೇಳುವವನು ಹೀಗಾಗಿ ಎದುರಿಗಿರುವವರ ಒಳ್ಳೆಯತನವನ್ನೇ ನೆಚ್ಚಬೇಕಾಗಿದೆ. ಇದು ಬದಲಾಗಬೇಕು.

ಹತಾಶೆ ಹೆಚ್ಚಾಗಿ ನಿದ್ದೆ, ಊಟ, ಕೆಲಸಗಳು ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಮಾತಿನ ಚಿಕಿತ್ಸೆಯ ಸರದಿಗಾಗಿ ಕಾಯಬೇಡಿ, ಮನೋವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಫೋನಿನಲ್ಲಿ ಮಾತಾಡುವುದೇ ಕಷ್ಟವಾದವರ ಪರವಾಗಿ ಮನೆಯವರೋ ಗೆಳೆಯರೋ ಕರೆಮಾಡಬಹುದು.